ಗಿರಿಜಾ ಟರ್ಬೊದ ಹೆಸರು ಕೆಟ್ಟದ್ದು ಹೀಗೆ

ಡಬ್ಬದ ಮೇಲಿನ ಹೆಸರನ್ನು ಓದಲು ಇಂಜಿನ್ನಿಗೆ ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ. ಕಬ್ಬಿಣಕ್ಕೆ ಗೊತ್ತಿರುವುದು ಬಿಸಿ, ಎಣ್ಣೆ, ಗಾಳಿ, ಓಡಿಸುವವನ ಕೈ, ಇಷ್ಟೇ. ಓದುವವರು ನಾವು. ಓದಿ, ಹೆಸರಿದ್ದವನಿಗೆ ಮಾಫಿ, ಹೆಸರಿಲ್ಲದವನಿಗೆ ಶಿಕ್ಷೆ ಎಂದು ನಿಂತ ಕಾಲಲ್ಲೇ ತೀರ್ಪು ಕೊಡುವವರೂ ನಾವೇ.

ಹನುಮಂತನಗರದ ನಾರಾಯಣಪ್ಪನೂ ಅಂಥದೊಂದು ತೀರ್ಪು ಕೊಟ್ಟ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಬರೆಯುವ ಅಗತ್ಯವೇ ಇರಲಿಲ್ಲ.

ನಾರಾಯಣಪ್ಪನದು ಒಂದು ಮಿನಿಬಸ್ಸು. ಬಸವನಗುಡಿ, ಚಾಮರಾಜಪೇಟೆಯ ಮನೆಗಳವರನ್ನು ಯಾತ್ರೆಗೆ ಕರೆದೊಯ್ಯುವುದು ಕಸುಬು. ಮಹದೇಶ್ವರ ಬೆಟ್ಟ, ಚಾಮುಂಡಿ ಬೆಟ್ಟ, ಮೇಲುಕೋಟೆ. ರಿಟೈರಾದ ಮೇಷ್ಟರು, ಬ್ಯಾಂಕಿನ ಗುಮಾಸ್ತರು, ಅವರ ಮನೆಯವರು, ಪುಳಿಯೋಗರೆಯ ಡಬ್ಬಿ, ಮಂಡಿನೋವಿನ ಎಣ್ಣೆ, ಕಿಟಕಿ ಪಕ್ಕದ ಸೀಟಿಗೆ ಸಣ್ಣ ಜಗಳ. ಆ ಜನಕ್ಕೆ ಬೇರೆ ಬಸ್ಸು ಆಗುತ್ತಿರಲಿಲ್ಲ, ನಾರಾಯಣಪ್ಪನದೇ ಬೇಕು. ಕಾರಣ ಅವನ ಭಕ್ತಿ. ದಾರಿಯಲ್ಲಿ ದೊಡ್ಡ ಗುಡಿ ಎದುರಾಯಿತೆಂದರೆ ಬಸ್ಸು ನಿಲ್ಲಿಸಿ, ಇಂಜಿನ್ ಆರಿಸಿ, ಆ ಮೌನದಲ್ಲಿ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಮತ್ತೆ ಚಾಲೂ ಮಾಡಿ ಹೊರಡುತ್ತಿದ್ದ. ಬೆಳಗಿನ ಹೊತ್ತು ದೊಡ್ಡ ಗಣಪತಿಯ ಮುಂದೆ ಹಾಗೆ ಬಸ್ಸು ತಟ್ಟನೆ ಸುಮ್ಮನಾದಾಗ ಒಳಗಿದ್ದ ಹೆಂಗಸರ ಮೈ ಜುಮ್ಮೆನ್ನುತ್ತಿತ್ತಂತೆ.

ಇದನ್ನು ಅವನಿಗೆ ಕಲಿಸಿದ್ದು ಅಪ್ಪ. ಮಾಗಡಿ ಕಡೆಯ ಹಳ್ಳಿಯಲ್ಲಿ ಅಪ್ಪ ಗಾಡಿ ಹೊಡೆಯುವಾಗ ಮುನೇಶ್ವರನ ಮರ ಬಂದರೆ ಕೆಳಗಿಳಿದು, ಎತ್ತುಗಳ ಕೊರಳ ಗಂಟೆಗಳನ್ನು ಎರಡೂ ಮುಷ್ಟಿಯಲ್ಲಿ ಅಮುಕಿ ಹಿಡಿದು ಗಾಡಿ ದಾಟಿಸುತ್ತಿದ್ದ. "ದೇವ್ರ ಮುಂದೆ ನಮ್ ಗಲಾಟೆ ಇರ್ಬಾರ್ದು ಕಣ್ಲಾ" ಅನ್ನುತ್ತಿದ್ದ. ಇಂಜಿನ್ನಿನ ಸದ್ದನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ. ಆರಿಸಬಹುದು.

ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ ಬಸ್ಸು ಏದುಸಿರು ಬಿಡತೊಡಗಿತು. ಏರು ಬಂದರೆ ಪಿಕಪ್ ಇಲ್ಲ, ಹಿಂದೆ ಕಪ್ಪು ಹೊಗೆ. ಕಲಾಸಿಪಾಳ್ಯದ ಮೆಕ್ಯಾನಿಕ್ ಶೀನಣ್ಣ ಬಾನೆಟ್ಟೊಳಗೆ ತಲೆ ಹಾಕಿ, ಹೊರಗೆ ತೆಗೆದು, ಬೀಡಿ ಹಚ್ಚಿದ.

"ಟರ್ಬೊ ಹೋಗಿದೆ ನಾರಾಯಣಪ್ಪ."

ಟರ್ಬೊ ಎಂದರೆ ಬಸವನಹುಳುವಿನ ಆಕಾರದ ಒಂದು ಗೂಡು. ಅದರೊಳಗೆ ಅಂಗೈಯಗಲದ ಚಕ್ರ. ಇಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ಅದು ಗಿರ್ರನೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ನೂಕುತ್ತದೆ. ಅದಿಲ್ಲದ ಬಸ್ಸು ಮಹದೇಶ್ವರ ಬೆಟ್ಟದ ತಿರುವುಗಳಲ್ಲಿ ಮೇಷ್ಟರುಗಳನ್ನು ಇಳಿಸಿ ತಳ್ಳಿಸಿಕೊಳ್ಳಬೇಕಾಗುತ್ತದೆ.

"ಯಾವುದು ಹಾಕ್ಸಲಿ?"

"ಹೆಸರಿರೋ ಕಂಪನೀದು ಹಾಕ್ಸು. ನಿನಗೂ ನಿದ್ದೆ, ನನಗೂ ನಿದ್ದೆ. ನಾಳೆ ಹೋದ್ರೂ ಕಂಪನೀನ ಬೈಬೋದು, ಶೀನಣ್ಣನ್ನ ಬೈಯಂಗಿಲ್ಲ."

ಆದರೆ ನಾರಾಯಣಪ್ಪನಿಗೆ ಆ ಪೇಟೆಯಲ್ಲಿ ಒಬ್ಬ ಗೆಳೆಯನಿದ್ದ. ಹೆಸರು ವೆಂಕಟಾಚಲ, ಚಾಮರಾಜಪೇಟೆಯ ವಠಾರವೊಂದರವನು. ನಾರಾಯಣಪ್ಪ ಬಸ್ಸಿನ ಕ್ಲೀನರ್ ಆಗಿದ್ದ ಕಾಲದಲ್ಲಿ ವೆಂಕಟಾಚಲ ಜೆ.ಸಿ. ರಸ್ತೆಯ ದೊಡ್ಡ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದ. ಇಬ್ಬರೂ ಒಂದೇ ಟೀಯನ್ನು ಬೈಟು ಹೇಳಿ, ಅರ್ಧರ್ಧ ಹಂಚಿಕೊಂಡು ಕುಡಿದು ಬೆಳೆದವರು. ವಯಸ್ಸಾದ ಮೇಲೆ ಆ ಅಂಗಡಿ ಬಿಟ್ಟು, ವೆಂಕಟಾಚಲ ಕಲಾಸಿಪಾಳ್ಯದ ಓಣಿಯಲ್ಲಿ ತನ್ನದೇ ಒಂದು ಅಂಗಡಿ ಇಟ್ಟಿದ್ದ. ಅಂಗಡಿಯೆಂದರೆ ಎರಡು ಗೋಡೆಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲಬಹುದಾದ ಜಾಗ.

"ಇದೇನೋ ವೆಂಕಟು, ಟರ್ಬೊಗೆ ಹೆಂಗಸಿನ ಹೆಸರು?" ನಾರಾಯಣಪ್ಪ ಕೌಂಟರಿನ ಮೇಲಿದ್ದ ಕಂದು ರಟ್ಟಿನ ಡಬ್ಬ ತಿರುಗಿಸಿ ನೋಡಿದ. ಗಿರಿಜಾ ಎಂದು ನೀಲಿ ಶಾಯಿಯ ರಬ್ಬರ್ ಸ್ಟಾಂಪ್ ಒತ್ತಿತ್ತು.

"ಮಾಡಿದೋನ ತಾಯಿ ಹೆಸರು. ರಾಮಸ್ವಾಮಿ ಅಂತ, ಪೀಣ್ಯದಲ್ಲಿ ಶೆಡ್ ಇದೆ."

"ಹೆಸರಿರೋ ಕಂಪನೀದು ನಿನ್ನ ಹತ್ರ ಇಲ್ವಾ?"

"ನನಗ್ಯಾರಪ್ಪ ಏಜೆನ್ಸಿ ಕೊಡ್ತಾರೆ? ಈ ಅಂಗಡೀಲಿ ನಾನು ಹಿಂದಕ್ಕೆ ತಿರುಗಬೇಕು ಅಂದ್ರೆ ರಸ್ತೆಗೆ ಹೋಗಿ ತಿರುಗಿಕೊಂಡು ಬರಬೇಕು." ವೆಂಕಟಾಚಲ ನಕ್ಕ. ಆಮೇಲೆ ದನಿ ತಗ್ಗಿಸಿದ. "ಪಕ್ಕದೋನು ಆ ಕಂಪನಿ ಖಾಲಿ ಡಬ್ಬ ತಂದ್ಕೊಡ್ತೀನಿ ಅಂತಿದಾನೆ. ಇದನ್ನ ಅದರೊಳಗಿಟ್ರೆ ನಾಳೆ ಸಾಯಂಕಾಲಕ್ಕೆ ಮಾಲು ಖಾಲಿಯಂತೆ."

"ಇಡಬೇಕಾಗಿತ್ತು. ಪೇಟೇಲಿ ಎಲ್ರೂ ಮಾಡೋದೇ."

"ಒಬ್ಬಳ ಕೂಸನ್ನ ಇನ್ನೊಬ್ಬಳ ತೊಟ್ಟಿಲಲ್ಲಿ ಮಲಗಿಸಿ ಮಾರೋದಕ್ಕಾಗುತ್ತೇನೋ? ಹೋಗು, ನಿನಗೆ ಅನುಮಾನ ಇದ್ರೆ ತಗೋಬೇಡ. ಜೆ.ಸಿ. ರೋಡಿಗೆ ನಡಿ. ಬೇಕಾದ್ರೆ ನಾನೇ ಬಂದು ಕೊಡಿಸ್ತೀನಿ."

ತಗೋಬೇಡ ಎಂದದ್ದಕ್ಕೇ ನಾರಾಯಣಪ್ಪನಿಗೆ ತಗೊಳ್ಳುವ ಮನಸ್ಸಾಯಿತು. ಆದರೂ ಕಣ್ಣಾರೆ ನೋಡಬೇಕೆಂದ. ಇಬ್ಬರೂ ಪೀಣ್ಯಕ್ಕೆ ಹೋದರು. ರಾಮಸ್ವಾಮಿಯ ಶೆಡ್ಡಿನಲ್ಲಿ ಎರಡು ಲೇತ್, ಒಂದು ಗಣಪತಿಯ ಕ್ಯಾಲೆಂಡರ್, ಮೂಲೆಯಲ್ಲಿ ಮಣ್ಣಿನ ಹೂಜಿ. ರಾಮಸ್ವಾಮಿ ಹೆಚ್ಚು ಮಾತಿನವನಲ್ಲ. ಜೋಡಿಸಿಟ್ಟ ಟರ್ಬೊ ಒಂದನ್ನು ನಾರಾಯಣಪ್ಪನ ಕೈಗಿಟ್ಟು, "ಊದಿ" ಎಂದ.

ನಾರಾಯಣಪ್ಪ ಊದಿದ. ಚಕ್ರ ತಿರುಗಿತು. ಉಸಿರು ನಿಲ್ಲಿಸಿದ ಮೇಲೂ ತಿರುಗಿತು. ಶಬ್ದವೇ ಇಲ್ಲ. ಜಾತ್ರೆಯಲ್ಲಿ ಕಾಗದದ ಗಿರಗಿಟ್ಟಲೆ ಕೊಂಡ ಹುಡುಗನಂತೆ ಅವನು ಮತ್ತೊಮ್ಮೆ ಊದಿದ.

"ಒಂದೇ ಮಾತು ನೆನಪಿಟ್ಕೊಳ್ಳಿ" ಎಂದ ರಾಮಸ್ವಾಮಿ. "ಗಾಡಿ ನಿಲ್ಲಿಸಿದ ತಕ್ಷಣ ಇಂಜಿನ್ ಆರಿಸಬೇಡಿ. ಎರಡು ನಿಮಿಷ ಸುಮ್ನೆ ಓಡ್ಲಿ. ಏರು ಹತ್ತಿ ಬಂದಾಗಂತೂ ಮರೀಬೇಡಿ. ಒಳಗೆ ಕೆಂಪಗೆ ಕಾದಿರುತ್ತೆ. ಇಂಜಿನ್ ನಿಂತ್ರೆ ಎಣ್ಣೆ ಬರೋದು ನಿಲ್ಲುತ್ತೆ. ಇದ್ದ ಎಣ್ಣೆ ಅಲ್ಲೇ ಸೀದು ಕರಕಲಾಗುತ್ತೆ."

"ಒಲೆ ಮೇಲೆ ಒಗ್ಗರಣೆ ಮರೆತಂಗೆ" ಎಂದ ವೆಂಕಟಾಚಲ.

"ಅಷ್ಟೇ ತಾನೆ? ತಪ್ಪಿಸಲ್ಲ" ಎಂದ ನಾರಾಯಣಪ್ಪ.

ತಪ್ಪಿಸಲೂ ಇಲ್ಲ. ಮನೆಯ ಮುಂದೆ, ಡೀಸೆಲ್ ಬಂಕಿನ ಪಕ್ಕ, ಊಟದ ಹೋಟೆಲಿನ ಎದುರು, ಎಲ್ಲೇ ನಿಲ್ಲಿಸಿದರೂ ಸ್ಟೇರಿಂಗ್ ಹಿಡಿದು ಕೂತಿದ್ದು, ಎರಡು ನಿಮಿಷ ಕಳೆದ ಮೇಲೇ ಆರಿಸುತ್ತಿದ್ದ. "ಆರಿಸ್ರಪ್ಪ, ಡೀಸೆಲ್ ಸುಮ್ನೆ ಉರೀತಿದೆ" ಎಂದು ಯಾರಾದರೂ ಅಂದರೆ, "ಗಿರಿಜಾ ಸುಧಾರಿಸ್ಕೊಳ್ಳಲಿ ಇರಿ" ಅನ್ನುತ್ತಿದ್ದ.

ಈ ಮಾತು ಕಲಾಸಿಪಾಳ್ಯದ ಸ್ಟ್ಯಾಂಡಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಎರಡು ಬಸ್ಸುಗಳ ಯಜಮಾನ ಅನಿಲ್ ಕುಮಾರ್, ನಾರಾಯಣಪ್ಪನಿಗಿಂತ ಚಿಕ್ಕವನು, ಟೀ ಅಂಗಡಿಯ ಮುಂದೆ ಕೂತು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದ.

"ಏನಣ್ಣ, ಗಿರಿಜಾ ಹೆಂಗವಳೆ?"

"ಚೆನ್ನಾಗವಳೆ ಕಣಪ್ಪ."

"ಲಕ್ಕಮ್ಮತ್ತಿಗೆಗೆ ಗೊತ್ತಾ?"

"ಪೂಜೆ ಮಾಡಿ ಒಳಗೆ ಕರ್ಕೊಂಡೋಳೇ ಅವಳು."

ಇಡೀ ಸ್ಟ್ಯಾಂಡು ನಗುತ್ತಿತ್ತು. ಆದರೆ ಬಸ್ಸು ಏರುಗಳನ್ನು ಬೆಣ್ಣೆಯಂತೆ ಹತ್ತುತ್ತಿದ್ದುದನ್ನೂ ಸ್ಟ್ಯಾಂಡು ನೋಡುತ್ತಿತ್ತು. ದಸರೆಯ ಹೊತ್ತಿಗೆ ಅನಿಲ್ ಕುಮಾರನೇ ತನ್ನ ಒಂದು ಬಸ್ಸಿಗೆ ಗಿರಿಜಾ ಹಾಕಿಸಿದ. ಅವನ ಹಿಂದೆ ಇನ್ನಷ್ಟು ಜನ ಬಂದರು. ವೆಂಕಟಾಚಲ ಅಂಗಡಿಗೆ ಒಂದು ಬೋರ್ಡು ಬರೆಸಿದ. ಮೊದಲ ಬಾರಿಗೆ ಅವನ ಹೆಂಡತಿ ದಾಕ್ಷಾಯಣಮ್ಮ ಅಂಗಡಿ ನೋಡಲು ಬಂದು, ಒಳಗೆ ನಿಲ್ಲಲು ಜಾಗವಿಲ್ಲದೆ ರಸ್ತೆಯಲ್ಲೇ ನಿಂತು ಬೋರ್ಡು ನೋಡಿ ಹೋದಳು.

ಆ ಅಂಗಡಿಯ ಬೇರು ನಾರಾಯಣಪ್ಪನ ನಾಲಿಗೆಯಲ್ಲಿತ್ತು. ಅವನು "ಚೆನ್ನಾಗವಳೆ" ಅಂದಿದ್ದಕ್ಕೆ ಅದು ಚಿಗುರಿತ್ತು. ಇದು ಇಬ್ಬರಿಗೂ ಗೊತ್ತಿತ್ತು.

ಮರುವರ್ಷ ಶಿವರಾತ್ರಿ ಕಳೆದ ಮೇಲೆ ಬಸವನಗುಡಿಯ ಶ್ರೀನಿವಾಸಯ್ಯ ಮೇಷ್ಟರು ತಮ್ಮ ಬಳಗ ಕಟ್ಟಿಕೊಂಡು ಮಹದೇಶ್ವರ ಬೆಟ್ಟಕ್ಕೆ ಹೊರಟರು. ಬಸ್ಸು ತುಂಬಿತ್ತು. ತಿರುವಿನ ಮೇಲೆ ತಿರುವು ಹತ್ತಿ, ಇಂಜಿನ್ ಕಾದು ಹಬೆಯಾಡುತ್ತಿರುವಾಗ, ಕೊನೆಯ ತಿರುವು ದಾಟಿದ್ದೇ ಗೋಪುರ ಕಂಡಿತು. ನಾರಾಯಣಪ್ಪ ಬಸ್ಸು ನಿಲ್ಲಿಸಿ, ಇಂಜಿನ್ ಆರಿಸಿ, ಕೈ ಮುಗಿದ. ಒಳಗಿದ್ದವರೂ ಮುಗಿದರು. ಆ ಮೌನ ಎಷ್ಟು ಚೆನ್ನಾಗಿತ್ತೆಂದರೆ, ಮೇಷ್ಟರು ಕಣ್ಣೊರೆಸಿಕೊಂಡರು. ಆಮೇಲೆ ಬಸ್ಸನ್ನು ಮತ್ತೆ ಚಾಲೂ ಮಾಡಿ, ನಿಲ್ದಾಣಕ್ಕೆ ತಂದು, ಅಲ್ಲಿ ಎರಡು ನಿಮಿಷ ಓಡಿಸಿಯೇ ಆರಿಸಿದ.

ಹಿಂದಿರುಗುವಾಗ ಕೊಳ್ಳೇಗಾಲ ದಾಟಿದ ಮೇಲೆ ಮುಂದಿನಿಂದ ಶಿಳ್ಳೆಯಂಥ ಸದ್ದು ಬಂತು. ಆಮೇಲೆ ಏನೋ ಕಚಕ್ಕೆಂದು ಹಿಡಿದುಕೊಂಡ ಹಾಗಾಯಿತು. ಹಿಂದೆ ಹೊಗೆಯ ಗೋಡೆಯೇ ಎದ್ದಿತು.

ಬೇರೆ ಬಸ್ಸು ಸಿಗುವವರೆಗೆ ವಯಸ್ಸಾದ ಹೆಂಗಸರು ಹುಣಸೆ ಮರದ ಕೆಳಗೆ ಟವೆಲು ಹಾಸಿಕೊಂಡು ಕೂತರು. ಯಾರೂ ರೇಗಲಿಲ್ಲ. ಮೇಷ್ಟರು ಮಾತ್ರ ಬಂದು, ಬಹಳ ಮೆಲ್ಲಗೆ ಕೇಳಿದರು.

"ಯಾವುದೋ ಲೋಕಲ್ ಮಾಲು ಹಾಕ್ಸಿದ್ರಂತಲ್ಲ ನಾರಾಯಣಪ್ಪ? ಸ್ವಲ್ಪ ಕಡಿಮೆಗೆ ಸಿಕ್ತು ಅಂತಾನಾ? ನಿಮ್ಮನ್ನ ನಂಬಿ ಬರ್ತೀವಪ್ಪ ನಾವು."

ಬೈದಿದ್ದರೆ ನಾರಾಯಣಪ್ಪ ತಡೆದುಕೊಳ್ಳುತ್ತಿದ್ದ. ಈ ಮೆಲುದನಿ ಅವನ ಎದೆಯಲ್ಲಿ ಮುಳ್ಳಾಯಿತು. ಬೆಂಗಳೂರಿಗೆ ಬರುವಷ್ಟರಲ್ಲಿ ಆ ಮುಳ್ಳು ಕೀವಾಗಿತ್ತು.

ಮಧ್ಯಾಹ್ನದ ಹೊತ್ತು, ಕಲಾಸಿಪಾಳ್ಯ ಗಿಜಿಗುಡುತ್ತಿರುವಾಗ, ಅವನು ಬಿಚ್ಚಿಸಿದ ಟರ್ಬೊವನ್ನು ಗೋಣಿಯಲ್ಲಿ ಸುತ್ತಿ ತಂದು ವೆಂಕಟಾಚಲನ ಕೌಂಟರಿನ ಮೇಲೆ ಧೊಪ್ಪೆಂದು ಹಾಕಿದ. ಹಿಂದೆಯೇ ಟೀ ಅಂಗಡಿಯ ಜನ ಬಂದು ಓಣಿಯ ಬಾಯಿಗೆ ನಿಂತರು. ಅನಿಲ್ ಕುಮಾರನೂ ಇದ್ದ.

"ಊದು" ಎಂದ ನಾರಾಯಣಪ್ಪ.

ವೆಂಕಟಾಚಲ ಗೋಣಿ ಬಿಡಿಸಿ ನೋಡಿದ. ಚಕ್ರ ಬೆರಳಿಗೂ ಜಗ್ಗಲಿಲ್ಲ. ಒಳಗೆಲ್ಲ ಕರ್ರಗೆ ಕರಕಲು.

"ಊದಯ್ಯ. ಅವತ್ತು ಪೀಣ್ಯಕ್ಕೆ ಕರ್ಕೊಂಡೋಗಿ ಊದಿಸಿದ್ಯಲ್ಲ ನನ್ ಕೈಲಿ, ಮಗೂ ಥರ."

"ನಾರಾಯಣಪ್ಪ, ಎರಡು ನಿಮಿಷ ಓಡಿಸಿ ಆರಿಸ್ತಿದ್ಯಾ?"

"ನನ್ ಮಕ್ಕಳಾಣೆ. ಒಂದು ದಿನ ತಪ್ಪಿಸಿಲ್ಲ. ನಿನ್ ಮಾಲು ದರಿದ್ರದ್ದು ಅನ್ನು. ಮುದುಕೀರ್ನ ರಸ್ತೇಲಿ ಕೂರ್ಸಿದ್ಯಲ್ಲಯ್ಯ. ಸ್ನೇಹ ಅಂತ ಹೇಳಿ ಗುಜರಿ ಕಟ್ಟಿದ್ಯಲ್ಲ ನನಗೆ."

ವೆಂಕಟಾಚಲ ಗೆಳೆಯನ ಮುಖ ನೋಡಿದ. ಆ ಮುಖ ಸುಳ್ಳು ಹೇಳುವುದಿಲ್ಲವೆಂದು ಅವನಿಗೆ ಬೈಟು ಟೀಯ ಕಾಲದಿಂದ ಗೊತ್ತು. ನಾರಾಯಣಪ್ಪ ಸುಳ್ಳು ಹೇಳುತ್ತಲೂ ಇರಲಿಲ್ಲ. ಹಾಗಾದರೆ ಉಳಿದದ್ದು ಒಂದೇ. ವೆಂಕಟಾಚಲ ಟರ್ಬೊವನ್ನು ಮತ್ತೆ ಗೋಣಿಯಲ್ಲಿ ಸುತ್ತಿ, ನಿಂತವರಿಗೆಲ್ಲ ಹೇಳಿದ.

"ಮಾಲು ಸರಿ ಇಲ್ಲ. ಯಾರ್ಯಾರು ತಗೊಂಡಿದೀರೋ ತಂದು ವಾಪಸ್ ಕೊಡಿ."

ಅನಿಲ್ ಕುಮಾರನ ಬಸ್ಸಿನಲ್ಲಿದ್ದ ಗಿರಿಜಾ ಚೆನ್ನಾಗಿಯೇ ತಿರುಗುತ್ತಿತ್ತು. ಅವನು ಅದನ್ನೂ ಬಿಚ್ಚಿಸಿ ತಂದುಕೊಟ್ಟ. ಉಳಿದವರೂ ತಂದರು. ಒಂದರಲ್ಲೂ ದೋಷ ಕಾಣಲಿಲ್ಲ. ಯಾರಾದರೂ ಒಬ್ಬ, ಅಷ್ಟು ಜನರಲ್ಲಿ ಒಬ್ಬನೇ ಒಬ್ಬ, "ನಮ್ದು ಚೆನ್ನಾಗೇ ಇದೆಯಲ್ಲ" ಎಂದು ಬಾಯಿಬಿಟ್ಟಿದ್ದರೆ? ಬಿಡಲಿಲ್ಲ. ಹೆಸರು ಕೆಟ್ಟ ಮೇಲೆ ಮಾಲನ್ನು ನೋಡುವವರು ಯಾರು?

ವೆಂಕಟಾಚಲ ಎಲ್ಲರ ಬಾಬತ್ತನ್ನೂ ತೀರಿಸಿದ. ಅಂಗಡಿ ಹೋಯಿತು. ಪೀಣ್ಯದ ರಾಮಸ್ವಾಮಿ ವಾಪಸು ಬಂದ ಗಿರಿಜಾಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ತಪ್ಪು ಸಿಗದೆ, ತನ್ನ ಕೈಯ ಮೇಲೇ ಅನುಮಾನ ಬಂದು, ಸ್ವಲ್ಪ ದಿನಕ್ಕೆ ಲೇತ್ ಮಾರಿ ಊರು ಬಿಟ್ಟ. ವೆಂಕಟಾಚಲ ಬೇರೆಯವರ ಅಂಗಡಿಯ ಕೌಂಟರಿಗೆ ಮತ್ತೆ ಹೋಗಿ ನಿಂತ. ಬಿಡುವಿನಲ್ಲಿ ಕೂರಲು ಅಲ್ಲಿ ಸ್ಟೂಲೂ ಇರಲಿಲ್ಲ. ರಸ್ತೆಯಲ್ಲಿ ನಾರಾಯಣಪ್ಪನ ಬಸ್ಸು ಬಂದರೆ ಅವನು ಡಬ್ಬಗಳ ಕಡೆ ತಿರುಗಿಕೊಳ್ಳುತ್ತಿದ್ದ. ನಾರಾಯಣಪ್ಪನೂ ಆ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಬೈಟು ಕೇಳುವುದನ್ನು ಬಿಟ್ಟಿದ್ದ. ಒಂದು ಪೂರ್ತಿ ಟೀ ಹೇಳಿ ಅರ್ಧ ಚೆಲ್ಲುತ್ತಿದ್ದ.

ಬಸ್ಸಿಗೆ ಹೆಸರಾಂತ ಕಂಪನಿಯ ಟರ್ಬೊ ಬಂತು. ಹೊಳೆಯುವ ಡಬ್ಬ. ನಾರಾಯಣಪ್ಪನ ಹೆಂಡತಿ ಲಕ್ಕಮ್ಮ ಆ ಡಬ್ಬವನ್ನು ಬಿಸಾಡಲು ಮನಸ್ಸಾಗದೆ ಅದರಲ್ಲಿ ಒಣಮೆಣಸಿನಕಾಯಿ ತುಂಬಿಟ್ಟಳು. ನಾರಾಯಣಪ್ಪ ಎರಡು ನಿಮಿಷದ ನೇಮವನ್ನು ಬಿಡಲಿಲ್ಲ. ಗುಡಿಗಳ ಮುಂದಿನ ನೇಮವನ್ನೂ ಬಿಡಲಿಲ್ಲ.

ಆ ಟರ್ಬೊ ಗಿರಿಜಾಳಿಗಿಂತ ಸ್ವಲ್ಪ ಹೆಚ್ಚು ದಿನ ಬಾಳಿತು. ಆಮೇಲೆ ಅದೇ ಶಿಳ್ಳೆ, ಅದೇ ಹೊಗೆ, ಅದೇ ಕರಕಲು.

ಈ ಸಲ ಸ್ಟ್ಯಾಂಡು ಏನೆಂದಿತು ಗೊತ್ತೇ? "ದೃಷ್ಟಿ ಆಗಿದೆ ಕಣಣ್ಣ, ನಿಂಬೆಹಣ್ಣು ಕಟ್ಟು" ಎಂದ ಅನಿಲ್ ಕುಮಾರ್. "ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸ್ತವ್ರೆ" ಎಂದ ಇನ್ನೊಬ್ಬ. ಶೀನಣ್ಣ ಶನಿಕಾಟ ಎಂದ. ಶ್ರೀನಿವಾಸಯ್ಯ ಮೇಷ್ಟರು, "ಮಿಷನ್ ಅಂದ್ಮೇಲೆ ಕೆಡುತ್ತಪ್ಪ" ಎಂದರು. ಟರ್ಬೊ ಸರಿಯಿಲ್ಲ ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಅದೇ ಬಸ್ಸು, ಅದೇ ರೋಗ, ಅದೇ ಸಾವು. ಒಂದಕ್ಕೆ ಗಲ್ಲು, ಇನ್ನೊಂದಕ್ಕೆ ನಿಂಬೆಹಣ್ಣು.

ಕಂಪನಿಯಿಂದ ಒಬ್ಬ ಯುವಕ ಬಂದ. ಮನೆಯ ಮುಂದೆ ನಿಂತಿದ್ದ ಬಸ್ಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಟರ್ಬೊ ನೋಡಿ ಕೇಳಿದ.

"ಬಿಸಿ ಇರುವಾಗಲೇ ಇಂಜಿನ್ ಆಫ್ ಮಾಡ್ತೀರಾ ಸಾರ್?"

"ಇಲ್ಲಪ್ಪ. ಎರಡು ನಿಮಿಷ ಓಡಿಸದೆ ಆರಿಸಿದ್ದೇ ಇಲ್ಲ."

"ಮಾಡಿದೀರ ಸಾರ್. ಒಂದ್ಸಲ ಅಲ್ಲ. ಎಣ್ಣೆ ಸುಟ್ಟು ಪದರ ಪದರ ಕೂತಿದೆ ನೋಡಿ."

"ಮಕ್ಕಳಾಣೆ ಇಲ್ಲ."

ಲಕ್ಕಮ್ಮ ಕಾಫಿ ತಂದಿದ್ದಳು. ಲೋಟವನ್ನು ಯುವಕನ ಕೈಗೆ ಕೊಡುತ್ತಾ, ಯಾವ ಒಳ ಉದ್ದೇಶವೂ ಇಲ್ಲದೆ ಅಂದಳು.

"ಗುಡಿ ಮುಂದೆ ಆರಿಸ್ತೀರಲ್ಲ."

"ಅದು ಆರ್ಸೋದಲ್ಲ ಕಣೆ. ಅದು ಕೈ ಮುಗಿಯೋದು."

ಹೇಳಿದ ಮಾತು ತನ್ನ ಕಿವಿಗೇ ಬಿತ್ತು. ನಾರಾಯಣಪ್ಪ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅವನಿಗೆ ಚಾಮುಂಡಿ ಬೆಟ್ಟದ ತುದಿ ಕಂಡಿತು, ಮಹದೇಶ್ವರನ ಗೋಪುರ ಕಂಡಿತು. ಎಲ್ಲ ಬೆಟ್ಟಗಳ ನೆತ್ತಿಯಲ್ಲೂ, ಇಂಜಿನ್ ಕೆಂಡವಾಗಿರುವ ಕ್ಷಣದಲ್ಲೇ, ಅವನು ಅದರ ಗಂಟಲು ಅಮುಕಿ ಕೈ ಮುಗಿದಿದ್ದ. ಬಸ್ಸಿನ ಜೊತೆಗೇ ಬಂದಿದ್ದ ಮೊದಲ ಟರ್ಬೊ ಸತ್ತದ್ದೂ ಹಾಗೇ, ಗಿರಿಜಾ ಸತ್ತದ್ದೂ ಹಾಗೇ. ಎತ್ತಿನ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದರೆ ಎತ್ತಿಗೆ ಏನೂ ಆಗುವುದಿಲ್ಲ. ಅಪ್ಪ ಕಲಿಸಿದ್ದು ಅಷ್ಟೆ. ಮುಂದಿನದನ್ನು ಅವನೇ ಸೇರಿಸಿಕೊಂಡಿದ್ದ.

ಯುವಕ ಕಾಫಿ ಕುಡಿದು ಹೋದ. ಅವನಿಗೆ ಏನೂ ಅರ್ಥವಾಗಿರಲಿಲ್ಲ.

ಆ ಸಾಯಂಕಾಲವೇ ನಾರಾಯಣಪ್ಪ ಚಾಮರಾಜಪೇಟೆಯ ವಠಾರಕ್ಕೆ ಹೋದ. ದಾಕ್ಷಾಯಣಮ್ಮ ಬಾಗಿಲು ತೆರೆದು, ನೋಡಿ, ಒಳಗೆ ಸರಿದಳು. ವೆಂಕಟಾಚಲ ಚಾಪೆಯ ಮೇಲೆ ಕಾಲು ನೀಡಿ ಕೂತಿದ್ದ. ದಿನವಿಡೀ ನಿಂತು ಕಾಲು ಬಾತಿದ್ದವು. ಮುಖವೂ ಊದಿಕೊಂಡಿತ್ತು.

ನಾರಾಯಣಪ್ಪ ಎಲ್ಲವನ್ನೂ ಹೇಳಿದ. ವೆಂಕಟಾಚಲ ಕೊನೆಯವರೆಗೆ ಕೇಳಿ, ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಂದ್ರೆ ನಮ್ಮ ಗಿರಿಜಾನ ಕೊಂದಿದ್ದು ದೊಡ್ಡ ಗಣಪತಿ ಅನ್ನು. ಕಟಕಟೆಗೆ ಹತ್ತಿಸೋದು ಕಷ್ಟ ಕಣೋ ಅವನ್ನ, ಸೈಜು ನೋಡಿದೀಯಾ."

"ನಗಬೇಡ ವೆಂಕಟು. ಬೈಯಿ."

"ಬೈದು ಏನ್ ಮಾಡ್ಲಿ?" ನಗು ನಿಂತಿತು. "ನೋಡು, ಇಷ್ಟು ದಿನ ನಾನೇ ನಂಬಿಬಿಟ್ಟಿದ್ದೆ, ಮಾಲು ಕೆಟ್ಟದ್ದು ಅಂತ. ರಾಮಸ್ವಾಮಿಗೂ ಹಾಗೇ ಹೇಳಿದೆ. ಅವನ ತಾಯಿ ಹೆಸರು ಇಟ್ಕೊಂಡಿದ್ದ ಪಾಪ. ಈಗ ಎಲ್ಲಿದಾನೋ ಗೊತ್ತಿಲ್ಲ." ಬಾತ ಕಾಲನ್ನು ಒತ್ತಿಕೊಂಡ. "ನೀನು ನನ್ನ ಮನೇಲಿ ಕೂತು ಹೇಳಿದ್ರೆ ಇದು ನನಗೆ ಮಾತ್ರ ಗೊತ್ತು. ಅವತ್ತು ಓಣೀಲಿ ನಿಂತು ಅಂದ್ಯಲ್ಲ, ಎಲ್ರ ಮುಂದೆ? ಅಲ್ಲೇ ನಿಂತು ಇದನ್ನೂ ಅಂದ್ಬಿಡು. ನನಗೆ ಬೇರೆ ಏನೂ ಬೇಡ."

"ನಾಳೇನೇ ಅಂತೀನಿ."

ದಾಕ್ಷಾಯಣಮ್ಮ ಎರಡು ಲೋಟ ಕಾಫಿ ತಂದಿಟ್ಟಳು. ಒಂದೇ ತಂದಿದ್ದರೆ ಅವರು ಹಂಚಿಕೊಳ್ಳುತ್ತಿದ್ದರು.

ಮರುದಿನ ನಾರಾಯಣಪ್ಪ ಸ್ಟ್ಯಾಂಡಿಗೆ ಹೋದ. ಟೀ ಹೇಳಿದ. ಅನಿಲ್ ಕುಮಾರ್ ಯಾರನ್ನೋ ಕಿಚಾಯಿಸುತ್ತಿದ್ದ, ಸುತ್ತ ಜನ ನಗುತ್ತಿದ್ದರು. ಇವರ ಮುಂದೆ ಏನೆಂದು ಹೇಳುವುದು? ನಾನು ಕೈ ಮುಗಿದು ಕೈ ಮುಗಿದು ಮೂರು ಟರ್ಬೊ ಸುಟ್ಟೆ ಎನ್ನುವುದೇ? ನಾಳೆಯಿಂದ ಪ್ರತಿ ಗುಡಿಯ ಮುಂದೆಯೂ ಇವರು ಹಾರನ್ ಹೊಡೆದು ನಗುವುದಿಲ್ಲವೇ? ಬಸವನಗುಡಿಯವರು ಅವನ ಬಸ್ಸು ಹತ್ತುತ್ತಿದ್ದದ್ದೇ ಆ ಮೌನಕ್ಕೆ. ಆ ಮೌನವೇ ತಪ್ಪು ಎಂದರೆ ಉಳಿಯುವುದೇನು? ಟೀ ಮುಗಿಯಿತು. ನಾರಾಯಣಪ್ಪ ಎದ್ದು ಬಂದ.

ಇನ್ನೊಂದು ದಿನ ಹೋದ. ಅವತ್ತು ಮಳೆ, ಜನ ಕಡಿಮೆ. ಎಲ್ಲರೂ ಇರುವಾಗ ಹೇಳಿದರೇ ಸರಿ ಎಂದುಕೊಂಡ. ಆಮೇಲೆ ಆಯುಧಪೂಜೆ ಬಂತು, ಹಬ್ಬದ ದಿನ ಬೇಡ ಎಂದುಕೊಂಡ. ಆಮೇಲೆ ಯಾತ್ರೆಯ ಕಾಲ. ನಾಲಿಗೆ ಮುಂದೂಡಿದ್ದಕ್ಕೆ ಕ್ಯಾಲೆಂಡರ್ ಎಷ್ಟು ನೆಪ ಬೇಕಾದರೂ ಕೊಡುತ್ತದೆ. ಬೈಯುವಾಗ ಮಾತ್ರ ಅವನು ಮಳೆ ನೋಡಿರಲಿಲ್ಲ, ಹಬ್ಬ ನೋಡಿರಲಿಲ್ಲ. ಟರ್ಬೊ ಬಿಚ್ಚಿಸಿದವನೇ ಹೋಗಿ ಬೈದಿದ್ದ.

ವೆಂಕಟಾಚಲ ಒಮ್ಮೆಯೂ ಕೇಳಲಿಲ್ಲ. ಬಸ್ಸು ಕಂಡರೆ ಈಗ ಡಬ್ಬಗಳ ಕಡೆ ತಿರುಗುತ್ತಿರಲಿಲ್ಲ. ಕೈಯೆತ್ತಿ ತೋರುತ್ತಿದ್ದ. ಆ ಕೈಯಲ್ಲೊಂದು ಪ್ರಶ್ನೆ ಇರುತ್ತಿತ್ತು. ನಾರಾಯಣಪ್ಪ ಹಾರನ್ ಒತ್ತಿ ಮುಂದೆ ಹೋಗುತ್ತಿದ್ದ.

ಎರಡು ಸಾವಿರದ ಐದರ ಮಾಘ ಮಾಸದಲ್ಲಿ, ಕೌಂಟರಿನ ಹಿಂದೆ ನಿಂತಿದ್ದ ವೆಂಕಟಾಚಲ ನಿಂತಲ್ಲೇ ಕುಸಿದ. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಮುಗಿದಿತ್ತು. ನಾರಾಯಣಪ್ಪ ಚಟ್ಟಕ್ಕೆ ಹೆಗಲು ಕೊಟ್ಟ. ದಾಕ್ಷಾಯಣಮ್ಮ ಅವನನ್ನು ನೋಡಿ ಕೇಳಿದ್ದು ಒಂದೇ ಮಾತು.

"ಹೇಳಿದ್ರಾ?"

ಅವನು ಸ್ಮಶಾನದಿಂದ ನೇರ ಕಲಾಸಿಪಾಳ್ಯಕ್ಕೆ ಹೋದ. ಮಿಂದಿರಲಿಲ್ಲ, ಬರಿಗಾಲು. ಹಳೆಯ ಅಂಗಡಿಯ ಓಣಿಯ ಬಾಯಲ್ಲಿ ನಿಂತು ಎಲ್ಲರನ್ನೂ ಕರೆದ. ಟೀ ಅಂಗಡಿಯ ಬೆಂ‌ಚುಗಳು ಖಾಲಿಯಾದವು. ಗಿರಿಜಾ ಒಳ್ಳೆಯ ಮಾಲು, ವೆಂಕಟಾಚಲನದು ತಪ್ಪಿರಲಿಲ್ಲ, ಬೆಟ್ಟದ ಮೇಲೆ ಕಾದ ಇಂಜಿನ್ನನ್ನು ಆರಿಸಿದ್ದು ತಾನು ಎಂದು ಬಿಡಿಸಿ ಬಿಡಿಸಿ ಹೇಳಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಅನಿಲ್ ಕುಮಾರ್ ಬಂದು ಹೆಗಲ ಮೇಲೆ ಕೈಯಿಟ್ಟ.

"ಇರ್ಲಿ ಬಿಡಣ್ಣ. ದೊಡ್ಡ ಮನುಷ್ಯ ನೀನು. ಸತ್ತೋರ ಮೇಲೆ ಒಳ್ಳೆ ಮಾತೇ ಆಡ್ಬೇಕು."

"ಒಳ್ಳೆ ಮಾತಲ್ಲ ಕಣಯ್ಯ, ನಿಜ."

"ಸರಿ ಅಣ್ಣ, ನಿಜಾನೇ. ಬಾ, ಟೀ ಕುಡಿ."

"ಪಾಪ, ಸ್ನೇಹ ಅಂದ್ರೆ ಹಿಂಗಿರ್ಬೇಕು" ಎಂದು ಹಿಂದೆ ಯಾರೋ ಅಂದರು.

ಅಷ್ಟೇ. ಬದುಕಿದ್ದವನ ಮೇಲೆ ಹೇಳಿದ ತಪ್ಪು ಮಾತನ್ನು ಆ ಓಣಿ ಒಂದೇ ಏಟಿಗೆ ನಂಬಿತ್ತು. ಸತ್ತವನ ಮೇಲೆ ಹೇಳಿದ ನಿಜವನ್ನು ಅದು ಮರ್ಯಾದೆ ಎಂದುಕೊಂಡಿತು. ಇವತ್ತಿಗೂ ಅಲ್ಲಿ ಕಳಪೆ ಸಾಮಾನಿಗೆ "ಗಿರಿಜಾ ಮಾಲು" ಎನ್ನುವವರಿದ್ದಾರೆ. ಅದು ಒಬ್ಬ ತಾಯಿಯ ಹೆಸರೆಂದು ಅವರಿಗೆ ಗೊತ್ತಿಲ್ಲ.

ನಾರಾಯಣಪ್ಪ ಈಗಲೂ ಗುಡಿಯ ಮುಂದೆ ಬಸ್ಸು ನಿಲ್ಲಿಸುತ್ತಾನೆ. ತಕ್ಷಣ ಆರಿಸುವುದಿಲ್ಲ. ಎರಡು ನಿಮಿಷ ಇಂಜಿನ್ ಓಡುತ್ತಿರುತ್ತದೆ, ಅವನ ತುಟಿ ಅಲ್ಲಾಡುತ್ತಿರುತ್ತದೆ. ಮಂತ್ರ ಹೇಳಿಕೊಳ್ಳುತ್ತಿದ್ದಾನೆಂದು ಬಸವನಗುಡಿಯ ಹೆಂಗಸರು ತಾವೂ ಕಣ್ಣು ಮುಚ್ಚುತ್ತಾರೆ. ಪಕ್ಕದಲ್ಲಿ ಕೂರುವ ಲಕ್ಕಮ್ಮನಿಗೆ ಮಾತ್ರ ಕೇಳಿಸುತ್ತದೆ. ಅವನು ಅಂದು ಸ್ಟ್ಯಾಂಡಿನಲ್ಲಿ, ವೆಂಕಟಾಚಲ ಬದುಕಿದ್ದಾಗ, ಟೀ ಮುಗಿಯುವ ಮೊದಲು ಹೇಳಬೇಕಿದ್ದ ಮಾತುಗಳು ಅವು.

ನಿಮಗೂ ಅಂಥ ಒಬ್ಬರಿದ್ದಾರೆ. ಹತ್ತು ಜನರ ಮುಂದೆ ನೀವು ಹೆಸರು ಕೆಡಿಸಿದವರು, ಆಮೇಲೆ ತಪ್ಪು ಅವರದಲ್ಲವೆಂದು ನಿಮಗೆ ಗೊತ್ತಾದವರು. ಅವರ ಮನೆಗೆ ಹೋಗಿ ಗುಟ್ಟಾಗಿ ಕೈ ಹಿಡಿದುಕೊಳ್ಳಬೇಡಿ. ಅವರು ಸಾಯಲೆಂದು ಕಾಯಬೇಡಿ. ಎಲ್ಲಿ ನಿಂತು ಕೆಡಿಸಿದಿರೋ ಅಲ್ಲೇ ಹೋಗಿ ನಿಂತು, ಅದೇ ಹತ್ತು ಜನರನ್ನು ಕರೆದು, ಅದೇ ದನಿಯಲ್ಲಿ ಹೇಳಿ. ಈ ಪುಟ ಮಡಚಿಟ್ಟು ಈಗಲೇ ಏಳಿ.